ಪರ-ವಿರೋಧ: ಬರೀ ಬಣ್ಣ, ಬರೀ ಖಾಲಿ ಜಾಗ – ಚಿತ್ರಕ್ಕೆ ಇಷ್ಟೇ ಸಾಕೇ?

ಪರ

ಬರೀ ಬಣ್ಣವೇ ತುಂಬಿದ ಚಿತ್ರ ನೋಡಿ ‘ಇದರಲ್ಲಿ ಏನಿದೆ?’ ಎನ್ನುವವರನ್ನು ನಾನು ಮೊದಲು ಕೇಳುವುದು ಎಲ್ಲಿ ನಿಂತು ನೋಡಿದಿರಿ ಎಂದು. ಮೊಬೈಲಿನಲ್ಲಿ ನೋಡಿದ್ದರೆ ನೋಡಿಯೇ ಇಲ್ಲವೆಂದು ತಿಳಿಯಿರಿ. ಅಮೆರಿಕದ ಕಲಾವಿದ ಬಾರ್ನೆಟ್ ನ್ಯೂಮನ್ 1950-51ರಲ್ಲಿ ಬರೆದ ‘ವಿರ್ ಹಿರೋಯಿಕಸ್ ಸಬ್ಲಿಮಿಸ್’ ಸುಮಾರು 2.4 ಮೀಟರ್ ಎತ್ತರ, 5.4 ಮೀಟರ್ ಅಗಲ. ಇಡೀ ಕ್ಯಾನ್ವಾಸ್ ಕೆಂಪು. ಮೇಲಿಂದ ಕೆಳಕ್ಕೆ ಇಳಿದ ಐದು ಸಪೂರ ಪಟ್ಟಿಗಳು, ಅಷ್ಟೇ. 1951ರಲ್ಲಿ ನ್ಯೂಯಾರ್ಕಿನ ಬೆಟ್ಟಿ ಪಾರ್ಸನ್ಸ್ ಗ್ಯಾಲರಿಯ ಪ್ರದರ್ಶನದಲ್ಲಿ ನ್ಯೂಮನ್ ಒಂದು ಚೀಟಿ ಹಾಕಿದ್ದ: ದೊಡ್ಡ ಚಿತ್ರವನ್ನು ದೂರ ನಿಂತು ನೋಡುವುದು ಜನರ ರೂಢಿ, ಆದರೆ ಇವನ್ನು ಹತ್ತಿರದಿಂದ ನೋಡಬೇಕು ಎಂಬರ್ಥದ ಚೀಟಿ.

ಹತ್ತಿರ ಹೋಗಿ ನಿಂತರೆ ಚಿತ್ರದ ನಾಲ್ಕೂ ಅಂಚು ಕಣ್ಣಿನಿಂದ ಜಾರುತ್ತವೆ. ಒಂದು ಪಟ್ಟಿ ಬೆಳ್ಳಗೆ ಮುಂದೆ ಬರುತ್ತದೆ, ಇನ್ನೊಂದು ಕೆಂಪಿನೊಳಗೇ ಮುಳುಗುತ್ತದೆ. ಸ್ವಲ್ಪ ಹೊತ್ತು ದಿಟ್ಟಿಸಿ ಪಕ್ಕದ ಬಿಳಿಗೋಡೆಯತ್ತ ಕಣ್ಣು ಹೊರಳಿಸಿ, ಗೋಡೆ ಹಸಿರಾಗಿರುತ್ತದೆ. ಆ ಹಸಿರನ್ನು ಯಾರೂ ಬಳಿದಿಲ್ಲ, ಅದು ನಿಮ್ಮ ಕಣ್ಣಿನದೇ ಕೆಲಸ. ಕುದುರೆಯನ್ನೋ ರಾಜನನ್ನೋ ಬರೆದಿದ್ದರೆ ನೀವು ಹೆಸರು ಗುರುತಿಸಿ ಮುಂದಿನ ಕೋಣೆಗೆ ನಡೆದಿರುತ್ತಿದ್ದಿರಿ.

ಖಾಲಿ ಜಾಗವೆಂದರೆ ಕೆಲಸ ಮುಗಿಯದೆ ಉಳಿದದ್ದು ಎಂಬ ಭಾವನೆ ಒಂದಿದೆ. ನ್ಯೂಮನ್‌ನದೇ 1948ರ ‘ಒನ್‌ಮೆಂಟ್ 1’ ನೋಡಿ, ಚಿಕ್ಕ ಚಿತ್ರ. ಕಂದುಗೆಂಪು ಹಿನ್ನೆಲೆಯ ನಟ್ಟನಡುವೆ ಮಾಸ್ಕಿಂಗ್ ಟೇಪ್ ಅಂಟಿಸಿ, ಬಣ್ಣ ಹೇಗೆ ಕಂಡೀತೆಂದು ಪರೀಕ್ಷಿಸಲು ಆ ಟೇಪಿನ ಮೇಲೆ ತಿಳಿಗೆಂಪು ಸವರಿದ. ಅಲ್ಲಿಗೇ ಕೈ ನಿಲ್ಲಿಸಿದ. ಟೇಪ್ ಕೀಳಲಿಲ್ಲ, ಅದು ಇವತ್ತಿಗೂ ಬಣ್ಣದ ಕೆಳಗೇ ಇದೆ. ತಾನು ಮಾಡಿದ್ದೇನು ಎಂದು ತಿಂಗಳುಗಟ್ಟಲೆ ಯೋಚಿಸಿದನಂತೆ.

ನನಗೆ ನ್ಯೂಮನ್‌ಗಿಂತ ಪ್ರಿಯಳು ಅಮೆರಿಕದ ಕಲಾವಿದೆ ಹೆಲೆನ್ ಫ್ರಾಂಕೆಂಥೇಲರ್. 1952ರಲ್ಲಿ, 23ರ ವಯಸ್ಸಿನಲ್ಲಿ, ಪ್ರೈಮರ್ (ಬಣ್ಣಕ್ಕೆ ಮುಂಚೆ ಬಳಿಯುವ ತಳಲೇಪ) ಕಾಣದ ಬರಿಯ ಕ್ಯಾನ್ವಾಸನ್ನು ನೆಲಕ್ಕೆ ಹಾಸಿ, ಟರ್ಪೆಂಟೈನ್ ಬೆರೆಸಿ ನೀರಾಗಿಸಿದ ತೈಲವರ್ಣವನ್ನು ಅದರ ಮೇಲೆ ಸುರಿದಳು. ಪ್ರೈಮರ್ ಇದ್ದರೆ ಬಣ್ಣ ಬಟ್ಟೆಯ ಮೇಲೆ ಕೂರುತ್ತದೆ, ಇಲ್ಲಿ ನೂಲೇ ಬಣ್ಣ ಕುಡಿಯಿತು. ಗುಲಾಬಿಯ ಕಲೆಯೊಂದನ್ನು ಹತ್ತಿರದಿಂದ ನೋಡಿದರೆ ಬಣ್ಣ ನಿಂತಲ್ಲಿಂದ ಆಚೆಗೂ ಎಣ್ಣೆ ಮಾತ್ರ ಹರಡಿ ತೆಳುವಾದ ಪ್ರಭೆ ಕಟ್ಟಿರುತ್ತದೆ. ‘ಮೌಂಟನ್ಸ್ ಅಂಡ್ ಸೀ’ ಎಂಬ ಆ ಚಿತ್ರದಲ್ಲಿ ಬರಿಯ ಬಟ್ಟೆ ಕಾಣುವ ಜಾಗ ಬೇಕಾದಷ್ಟಿದೆ. ಆ ಜಾಗಗಳಿಲ್ಲದಿದ್ದರೆ ಬೆಟ್ಟಕ್ಕೂ ಕಡಲಿಗೂ ಉಸಿರಾಡಲು ತಾವಿರುತ್ತಿರಲಿಲ್ಲ. 1953ರಲ್ಲಿ ವಾಷಿಂಗ್ಟನ್ನಿಂದ ಬಂದು ಇದನ್ನು ನೋಡಿಹೋದ ಕಲಾವಿದ ಮಾರಿಸ್ ಲೂಯಿಸ್, 1960ರ ಹೊತ್ತಿಗೆ ಇನ್ನೂ ಮುಂದೆ ಹೋದ. ಅವನ ‘ಆಲ್ಫಾ-ಪೈ’ ನಾಲ್ಕು ಮೀಟರಿಗೂ ಹೆಚ್ಚು ಅಗಲ. ಎರಡೂ ಪಕ್ಕದಿಂದ ಓರೆಯಾಗಿ ಇಳಿಯುವ ಬಣ್ಣದ ಹೊನಲುಗಳು, ನಡುವಿನಲ್ಲಿ ಏನೂ ಇಲ್ಲ. ಅಷ್ಟು ದೊಡ್ಡ ನಡುವನ್ನು ಮುಟ್ಟದೆ ಬಿಡಲು ಎದೆಗಾರಿಕೆ ಬೇಕು.

ನಾನು ಚಿತ್ರಕಲೆ ಕಲಿಸುವವಳು. ಅರ್ಧ ಹಾಳೆ ಖಾಲಿ ಬಿಡಿ ಎಂದು ಹೇಳಿದರೆ ಮಕ್ಕಳಿಗೆ ಆಗುವುದೇ ಇಲ್ಲ. ಹತ್ತು ನಿಮಿಷದಲ್ಲಿ ಒಂದು ಸೂರ್ಯ, ಆಮೇಲೆ ಎರಡು ಹಕ್ಕಿ, ಬೆಲ್ ಹೊಡೆಯುವಷ್ಟರಲ್ಲಿ ತೆಂಗಿನಮರವೂ ಬಂದಿರುತ್ತದೆ. ‘ನಮ್ಮ ಮಗುವೂ ಹೀಗೆ ಬಳಿಯುತ್ತದೆ’ ಎನ್ನುವ ಅಪ್ಪ-ಅಮ್ಮಂದಿರು ಒಮ್ಮೆ ಬಳಿಸಿ ನೋಡಲಿ. ಬಳಿಯುವುದು ಮಗುವಿಗೆ ಬರುತ್ತದೆ, ನಿಲ್ಲಿಸುವುದು ಬರುವುದಿಲ್ಲ. ಬೆಲೆಯ ತಕರಾರನ್ನು ಮುಂದಿನವರು ತೆಗೆದೇ ತೆಗೆಯುತ್ತಾರೆ. ಅದನ್ನು ಹರಾಜಿನವರ ಹತ್ತಿರ ಕೇಳಲಿ, ನಾನು ಮಾತಾಡುತ್ತಿರುವುದು ಚಿತ್ರದ ಬಗ್ಗೆ.

ವಿರೋಧ

ವಿರೋಧದ ಪಾಲು ನನಗೆ ಬಂದಿದೆ. ಇದೇ ಬಗೆಯ ಬರೀ ಬಣ್ಣದ ಚಿತ್ರಗಳ ಅಮೆರಿಕದ ಕಲಾವಿದ ಮಾರ್ಕ್ ರಾಥ್ಕೊ ಮೇಲೆ ನನಗೇನೂ ಹಗೆಯಿಲ್ಲ, ಅವನ ಒಂದೆರಡು ಚಿತ್ರ ಇಷ್ಟವೇ. ಆದರೂ ಒಪ್ಪಿಕೊಂಡ ಮೇಲೆ ಬರೆಯಬೇಕಲ್ಲ.

ಬೆಲೆಯಿಂದಲೇ ಶುರು ಮಾಡುತ್ತೇನೆ. ನ್ಯೂಮನ್‌ನ 1967ರ ‘ವಾಯ್ಸ್ ಆಫ್ ಫೈರ್’ ಚಿತ್ರವನ್ನು ಕೆನಡಾದ ನ್ಯಾಷನಲ್ ಗ್ಯಾಲರಿ ಸುಮಾರು 17.6 ಲಕ್ಷ ಡಾಲರ್ ಕೊಟ್ಟು ಕೊಂಡಿತು. 5.4 ಮೀಟರ್ ಎತ್ತರದ ಬಟ್ಟೆ, ಆಚೀಚೆ ನೀಲಿ, ನಡುವೆ ಕೆಂಪು. 1990ರಲ್ಲಿ ಸುದ್ದಿ ಹೊರಬಿದ್ದಾಗ ದೊಡ್ಡ ರಂಪವೇ ಆಯಿತು. ಹರಾಜಿನವರನ್ನು ಕೇಳಿ ಎಂದು ಜಾರಿಕೊಳ್ಳುವ ಹಾಗಿಲ್ಲ, ಅದು ತೆರಿಗೆಯ ದುಡ್ಡು.

ಎರಡನೆಯದು ಬಣ್ಣ. ರಾಥ್ಕೊ 1960ರ ದಶಕದ ಆರಂಭದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಊಟದ ಕೋಣೆಗೆಂದು ದೊಡ್ಡ ಚಿತ್ರಗಳನ್ನು ಮಾಡಿಕೊಟ್ಟ. ಅದರಲ್ಲಿ ಬಳಸಿದ್ದ ಲಿಥಾಲ್ ರೆಡ್ ಎಂಬ ಕೆಂಪಿಗೆ ಬಿಸಿಲು ತಡೆಯುವ ಶಕ್ತಿಯಿಲ್ಲ. ಕಿಟಕಿಯ ಬೆಳಕಿಗೆ ಅದು ಮಾಸುತ್ತ ಹೋಗಿ, 1979ರ ಹೊತ್ತಿಗೆ ಚಿತ್ರಗಳನ್ನು ಇಳಿಸಿ ಉಗ್ರಾಣಕ್ಕೆ ಹಾಕಬೇಕಾಯಿತು. 2014ರಲ್ಲಿ ಮತ್ತೆ ತೂಗುಹಾಕಿದಾಗ ಪ್ರೊಜೆಕ್ಟರಿನ ಬೆಳಕು ಬಿಟ್ಟು, ಹೋದ ಬಣ್ಣವನ್ನು ತುಂಬಿ ತೋರಿಸಿದರು. ಬಣ್ಣವೇ ಸರ್ವಸ್ವ ಎಂದಮೇಲೆ ಬಣ್ಣ ಹೋದರೆ ಮಿಕ್ಕಿದ್ದೇನು? ಅಜಂತಾದಲ್ಲಿ ಗಾರೆ ಅಷ್ಟು ಉದುರಿದೆ, ಪದ್ಮಪಾಣಿಯ ಮುಖಕ್ಕೆ ಯಾರೂ ಪ್ರೊಜೆಕ್ಟರ್ ಹಿಡಿಯಬೇಕಾಗಿಲ್ಲ. ಅಮೆರಿಕದ ಹೂಸ್ಟನ್ನಿನಲ್ಲಿ ಅವನ ಚಿತ್ರಗಳಿರುವ ಪ್ರಾರ್ಥನಾಮಂದಿರ, ರಾಥ್ಕೊ ಚಾಪೆಲ್, ಇನ್ನೊಂದು ಕತೆ. ಕಪ್ಪೋ ನೇರಳೆಯೋ ತಿಳಿಯದ 14 ಚಿತ್ರಗಳಿಗಾಗಿ ಅಲ್ಲಿ ಛಾವಣಿಯ ಬೆಳಕಿಂಡಿಯನ್ನು ಮತ್ತೆ ಮತ್ತೆ ಬದಲಿಸಿದ್ದಾರೆ. ಬೆಂಚು, ಮಬ್ಬುಬೆಳಕು, ಪಿಸುಮಾತು ಇವಿಷ್ಟೂ ಬೇಕೆಂದಾದರೆ ಕೆಲಸ ಮಾಡುತ್ತಿರುವುದು ಚಿತ್ರವೋ ಕೋಣೆಯೋ?

ಖಾಲಿ ಜಾಗಕ್ಕೆ ದುಡ್ಡು ಕೇಳುವ ಗಲಾಟೆ ನಮ್ಮ ಮನೆಗೆ ಹೊಸದಲ್ಲ. ನನ್ನ ಸೋದರಮಾವ ರಾಣೆಬೆನ್ನೂರಿನಲ್ಲಿ ಬೋರ್ಡ್ ಬರೆಯುತ್ತಿದ್ದ. ತಗಡಿಗೆ ರೆಡ್ ಆಕ್ಸೈಡ್ ಹೊಡೆದು, ಉಪ್ಪುಕಾಗದ ಹಾಕಿ ತಿಕ್ಕಿ, ಅದರ ಮೇಲೆ ಎರಡು ಕೋಟ್ ಎನಾಮಲ್. ಧೂಳು ಏಳಬಾರದೆಂದು ಮೊದಲು ನೆಲಕ್ಕೆ ನೀರು ಚಿಮುಕಿಸುತ್ತಿದ್ದ, ನಮ್ಮನ್ನು ಹೊರಗೆ ಓಡಿಸಿ ಬಾಗಿಲು ಹಾಕುತ್ತಿದ್ದ. ಬ್ರಶ್ಶಿನ ಒಂದು ಗೀರು ಕಂಡರೂ ಮತ್ತೆ ತಿಕ್ಕುವುದು. ‘ಅಕ್ಷರ ಯಾವನರ ಬರೀತಾನೋ, ಪ್ಲೇನ್ ಹೊಡಿಯೋದು ನೋಡು ಕಷ್ಟ’ ಎನ್ನುತ್ತಿದ್ದ. ಅಕ್ಷರಕ್ಕೆ ಅರ್ಧ ದಿನ, ಹಿನ್ನೆಲೆಗೆ ಮೂರು ದಿನ.

ಒಮ್ಮೆ ಬಟ್ಟೆ ಅಂಗಡಿಯ ಸಾವ್ಕಾರರೊಬ್ಬರು ಬಿಲ್ ನೋಡಿ, ಟೇಪ್ ತರಿಸಿ, ಅಕ್ಷರವಿರುವ ಜಾಗವನ್ನಷ್ಟೇ ಅಳೆದರು. ಉಳಿದದ್ದು ಖಾಲಿ ಬಿಟ್ಟೀರಲ್ಲ, ಅದಕ್ಕೆಂಥ ಚದರಡಿ ರೇಟು ಎಂಬುದು ಅವರ ವಾದ. ಮಾವ ಜೇಬಿನಿಂದ ಬಣ್ಣ ಕೆರೆಯುವ ಪಟ್ಟಿ ತೆಗೆದು ಏಣಿ ಹತ್ತಿದ. ‘ಹಂಗಾರ ಅಕ್ಷರ ನೀವು ಇಟ್ಕೊಳ್ರಿ ಸಾವ್ಕಾರ್ರ, ಉಳಿದದ್ದು ನಾ ಕೆರಕೊಂಡು ಒಯ್ತೀನಿ’ ಅಂದ. ಬೀದಿಯಲ್ಲಿ ಜನ ಸೇರಿದರು, ಪಕ್ಕದ ಚಾದಂಗಡಿಯವರು ರಾಜಿ ಮಾಡಿಸಿದರು. ಕೊನೆಗೆ ಖಾಲಿ ಜಾಗಕ್ಕೆ ಅರ್ಧ ರೇಟು ಎಂದು ತೀರ್ಮಾನವಾಯಿತು. ಮಾವ ಗೊಣಗುತ್ತಲೇ ಎಣಿಸಿಕೊಂಡ.

ವಿರೋಧ ಪಕ್ಷದಲ್ಲಿ ಕೂತು ನಾನೂ ಅರ್ಧ ರೇಟಿನವರೆಗೆ ಬರಬಲ್ಲೆ. 17.6 ಲಕ್ಷ ಡಾಲರಿಗೆ ಮಾತ್ರ ಆಗುವುದಿಲ್ಲ.