ಸತ್ಯಾಂಶ: ಮೆಕ್ಲಾರೆನ್ ಸೆನ್ನಾ ಸುರಂಗದ ಚಾವಣಿಯಲ್ಲಿ ಓಡಬಲ್ಲದೇ?

‘ಮೆಕ್ಲಾರೆನ್ ಸೆನ್ನಾ ಕಾರಿಗೆ ಗಾಳಿಯ ಒತ್ತಡ ಎಷ್ಟಿದೆಯೆಂದರೆ, ಸುರಂಗದ ಚಾವಣಿಗೆ ಅಂಟಿಕೊಂಡು ತಲೆಕೆಳಗಾಗಿ ಓಡುತ್ತದೆ’ ಎಂಬ ಸಂದೇಶ ಹರಿದಾಡುತ್ತಿದೆ. ಇದು ನಿಜವಲ್ಲ.

ರೇಸ್ ಟ್ರ್ಯಾಕ್‌ಗೆಂದೇ ರೂಪಿಸಿ, ರಸ್ತೆಗೂ ಇಳಿಯುವಂತೆ ಮಾಡಿದ ಕಾರಿದು. ತಯಾರಾದದ್ದು 500 ಮಾತ್ರ. ಹಿಂದಿನ ದೊಡ್ಡ ರೆಕ್ಕೆ ಮತ್ತು ಮುಂಭಾಗದ ಚಲಿಸುವ ಫಲಕಗಳು ಗಾಳಿಯನ್ನು ಬಳಸಿಕೊಂಡು ಕಾರನ್ನು ನೆಲಕ್ಕೆ ಒತ್ತುತ್ತವೆ. ಗಂಟೆಗೆ 250 ಕಿ.ಮೀ. ವೇಗದಲ್ಲಿ ಈ ಒತ್ತಡ 800 ಕೆ.ಜಿ. ಆದರೆ ಇಂಧನ, ಎಣ್ಣೆ ಯಾವುದೂ ತುಂಬದ ಖಾಲಿ ಕಾರೇ 1,198 ಕೆ.ಜಿ. ತೂಗುತ್ತದೆ! ಚಾವಣಿಯಲ್ಲಿ ನಿಲ್ಲಬೇಕಾದರೆ ಒತ್ತಡ ತೂಕವನ್ನು ಮೀರಲೇಬೇಕು.

‘ಇನ್ನೂ ವೇಗವಾಗಿ ಓಡಿಸಿದರೆ?’ ಎಂದು ಕೇಳಬಹುದು. ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ (ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು), ನಿಜ. ಆದರೆ 250 ದಾಟಿದ ಮೇಲೆ ಈ ಕಾರು ತಾನೇ ರೆಕ್ಕೆಯ ಕೋನ ಬದಲಿಸಿ, ಹೆಚ್ಚುವರಿ ಒತ್ತಡವನ್ನು ಬಿಟ್ಟುಬಿಡುತ್ತದೆ. ಇಲ್ಲದಿದ್ದರೆ ಟೈರು, ಸಸ್ಪೆನ್ಷನ್‌ಗಳ ಮೇಲೆ ಹೊರೆ ಮಿತಿಮೀರುತ್ತದೆ. ನನ್ನ ದೃಷ್ಟಿಯಲ್ಲಿ ಇದರ ನಿಜವಾದ ಜಾಣ್ಮೆ ಇರುವುದು ಇಲ್ಲೇ. ತಲೆಕೆಳಗಾಗಿ ಓಡಲು ಇನ್ನೊಂದು ಅಡ್ಡಿಯೂ ಇದೆ: ಎಂಜಿನ್ನಿನ ಎಣ್ಣೆಯನ್ನು ಹೀರುವ ಪಂಪುಗಳು ಎಣ್ಣೆ ಕೆಳಗೆ ಇಳಿದು ಬರುತ್ತದೆಂದೇ ನಂಬಿಕೊಂಡಿವೆ.

ತಿರುವಿನಲ್ಲಿ ಜಾರದಿರಲು, ಬ್ರೇಕ್ ಹಾಕಿದಾಗ ಟೈರು ರಸ್ತೆಯನ್ನು ಬಿಗಿಯಾಗಿ ಹಿಡಿಯಲು ಈ ಒತ್ತಡ ಬೇಕು. ಗಂಟೆಗೆ 200 ಕಿ.ಮೀ. ವೇಗದಿಂದ ಸುಮಾರು 100 ಮೀಟರಿನೊಳಗೆ ಸೆನ್ನಾ ಪೂರ್ತಿ ನಿಲ್ಲುತ್ತದೆ.