ರಕ್ತ ಬಂದ ಜಾಗವನ್ನು ಬಿಟ್ಟು ಉಜ್ಜಬೇಡಿ

ನಾವು ಚಿಕ್ಕವರಿದ್ದಾಗ ಮನೆಯಲ್ಲಿ ಹಲ್ಲಿನ ಪಾಠ ಅಂದರೆ ಒಂದೇ ಮಾತು, "ಹಲ್ಲುಜ್ಜಿದ್ಯಾ?" ಹೂಂ ಅಂದರೆ ಮುಗಿಯಿತು. ಹುಳುಕಾಗುತ್ತೆ ಅಂತ ಹೆದರಿಸುತ್ತಿದ್ದರು, ಒಸಡಿನ ಸುದ್ದಿ ಮಾತ್ರ ಯಾರೂ ಎತ್ತುತ್ತಿರಲಿಲ್ಲ. ಉಜ್ಜುವಾಗ ರಕ್ತ ಬಂದರೆ "ಆ ಕಡೆ ಮುಟ್ಟಬೇಡ, ಎರಡು ದಿನ ಬಿಡು" ಅನ್ನುತ್ತಿದ್ದರು. ಹೊರನಾಡಿಗೆ ಬಂದು ಅಪ್ಪನಾದ ಮೇಲೆ ನಾನೂ ಮಗಳಿಗೆ ಅದನ್ನೇ ಹೇಳಿದೆ.

ಇಲ್ಲಿನ ಹಲ್ಲಿನ ಡಾಕ್ಟರು ಅದು ಪೂರ್ತಿ ಉಲ್ಟಾ ಅಂದರು. ರಕ್ತ ಬರುವ ಜಾಗವನ್ನೇ ಮೆತ್ತಗೆ, ಬಿಡದೆ ಉಜ್ಜಬೇಕು. ಹಲ್ಲು ಒಸಡು ಸೇರುವ ಅಂಚಿನಲ್ಲಿ ಅಂಟಂಟಾದ ಪದರ ಕೂರುತ್ತದೆ, ಅದರಲ್ಲಿರುವ ಬ್ಯಾಕ್ಟೀರಿಯಾದಿಂದ ಒಸಡು ಕೆಂಪಗೆ ಊದಿಕೊಂಡು ರಕ್ತ ಸೋರುತ್ತದೆ, ನಾವು ಹೆದರಿ ಬ್ರಷ್ ದೂರ ಇಟ್ಟರೆ ಅದೇ ಪದರ ಒಂದೆರಡು ದಿನದಲ್ಲೇ ಗಟ್ಟಿಯಾಗಲು ಶುರುವಾಗಿ ಕಿಟ್ಟ ಕಟ್ಟುತ್ತದೆ. ಕಿಟ್ಟ ಯಾವ ಬ್ರಷ್ಷಿಗೂ ಬಗ್ಗುವುದಿಲ್ಲ. ಊದಿದ ಒಸಡನ್ನು ಸರಿ ಮಾಡಿಕೊಳ್ಳಬಹುದು. ವರ್ಷಗಟ್ಟಲೆ ಬಿಟ್ಟು ಹಲ್ಲು ಹಿಡಿದಿರುವ ಮೂಳೆಯೇ ಕರಗಿದರೆ ಅದು ತಾನಾಗಿ ವಾಪಸ್ ಬರುವುದಿಲ್ಲ.

ಕಲಿಸುವ ರೀತಿಯೂ ಬೇರೆ. 7-8 ವರ್ಷದವರೆಗೆ ಮಕ್ಕಳ ಕೈಗೆ ಆ ಹಿಡಿತ ಇರುವುದಿಲ್ಲ, ಹಾಗಾಗಿ ಅವರು ಉಜ್ಜಿದ ಮೇಲೆ ದೊಡ್ಡವರು ಇನ್ನೊಂದು ಸಲ ಉಜ್ಜಬೇಕು. ಮೆತ್ತನೆ ಬ್ರಷ್ಷನ್ನು ಒಸಡಿನ ಕಡೆಗೆ ಸುಮಾರು 45 ಡಿಗ್ರಿ ಓರೆ ಹಿಡಿಯಬೇಕು, ದಿನಕ್ಕೆ 2 ಸಲ, 2 ನಿಮಿಷ. ಜಾಹೀರಾತಿನಲ್ಲಿ ಬ್ರಷ್ ತುಂಬಾ ಪೇಸ್ಟು ಹಾಕುತ್ತಾರಲ್ಲ, ಅದು ಸುಮ್ನೆ. 3 ವರ್ಷದೊಳಗಿನವರಿಗೆ ಅಕ್ಕಿಕಾಳಷ್ಟು, 3ರಿಂದ 6ರವರೆಗೆ ಬಟಾಣಿಯಷ್ಟು ಸಾಕು. ಇಲ್ಲಿನವರೆಲ್ಲ ಭಾರಿ ಶಿಸ್ತಿನವರು ಅಂತಲ್ಲ, ಹಾಡು ಹೇಳುವ ಬ್ರಷ್ ಮಗುವಿನ ಕೈಗೆ ಕೊಟ್ಟು ಫೋನು ನೋಡುವ ಅಪ್ಪಂದಿರು ಇಲ್ಲೂ ಇದ್ದಾರೆ. ನಾನೂ ಹಾಗೆ ಕೂತಿದ್ದೇನೆ.

ನನಗೆ ತುಂಬಾ ಹಿಡಿಸಿದ್ದು ಬಣ್ಣದ ಮಾತ್ರೆ. ಅಗಿದು ಉಗಿದರೆ ಪದರ ಉಳಿದ ಕಡೆಯೆಲ್ಲ ಬಣ್ಣ ಹತ್ತುತ್ತದೆ. ಉಜ್ಜಿದ್ದೀನಿ ಅಂತ ಆಣೆ ಮಾಡಿದ್ದ ಮಗಳ ಹಲ್ಲಿನ ಮುಂಭಾಗ ಬೆಳ್ಳಗಿತ್ತು, ಒಸಡಿನುದ್ದಕ್ಕೂ ಪೆನ್ನಿಂದ ಎಳೆದ ಹಾಗೆ ಕೆಂಪು ಗೆರೆ. ಬೈಯುವ ಕೆಲಸವೇ ಬರಲಿಲ್ಲ, ಕನ್ನಡಿ ನೋಡಿಕೊಂಡು ತಾನೇ ಬ್ರಷ್ ತಗೊಂಡಳು.

"ಈಗ ನೀನು ಅಪ್ಪಾ" ಅಂತ ಇನ್ನೊಂದು ಮಾತ್ರೆ ಕೊಟ್ಟಳು. ಅಗಿದೆ. ಕೆಳಗಿನ ಮುಂದಲ್ಲುಗಳ ಹಿಂದೆ ಗೆರೆ ಅಲ್ಲ, ದಪ್ಪ ಪಟ್ಟಿಯೇ ಇತ್ತು. ಮಗಳು ಟಾರ್ಚ್ ಬಿಟ್ಟು ಬಗ್ಗಿ ನೋಡಿದಳು.

"ಅಪ್ಪಾ, ಹಲ್ಲುಜ್ಜಿದ್ಯಾ?"