ಗೊಮೆಲ್ ಜೈಲಿಗೆ ಒಂದು ಕಾರ್ಡು

ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ನಮ್ಮ ಕೆಳಗಿನ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ನಮ್ಮ ಮನೆಯೊಳಗೆ ಕಾಲಿಟ್ಟವರಲ್ಲ. ಮೆಟ್ಟಿಲಲ್ಲಿ ಸಿಕ್ಕಿದರೆ ಒಂದು ಹಲೋ, ಅಷ್ಟೇ. ಸಂಬಳ ಎಷ್ಟು, ಮಕ್ಕಳು ಯಾವಾಗ, ಊರಿನ ಜಾಗ ಮಾರಿದಿರಾ ಎಂದು ಯಾರೂ ಕೇಳದ ಈ ದೇಶದಲ್ಲಿ ಮೊದಮೊದಲು ನನಗೆ ಉಸಿರು ಕಟ್ಟಿದ ಹಾಗಾಗುತ್ತಿತ್ತು. ಬಂಟ್ವಾಳದ ಹತ್ತಿರದ ನಮ್ಮೂರಿನಲ್ಲಿ ಯಾರ ಮನೆಯಲ್ಲಾದರೂ ರಾತ್ರಿ ಸ್ವಲ್ಪ ಜೋರು ಮಾತು ಕೇಳಿದರೆ ಸಾಕು, ತೋಟದ ಆಚೆಯಿಂದ ಟಾರ್ಚ್ ಹಿಡಿದು ಇಬ್ಬರಾದರೂ ಬಂದೇ ಬರುತ್ತಾರೆ.

2022ರ ಒಂದು ಶನಿವಾರ ತರಕಾರಿಗೆಂದು ಸಂತೆಗೆ ಹೋಗಿದ್ದೆ. ಅದೇ ಅಜ್ಜಿ ಒಂದು ಸಣ್ಣ ಮೇಜು ಹಾಕಿಕೊಂಡು ಚಳಿಯಲ್ಲಿ ನಿಂತಿದ್ದರು. ಮೇಜಿನ ಮೇಲೆ ಅಂಚೆ ಕಾರ್ಡುಗಳ ಕಟ್ಟು, ಪಕ್ಕದಲ್ಲಿ ಒಬ್ಬ ಹೆಂಗಸಿನ ಫೋಟೋ. ಗಿಡ್ಡ ಕೂದಲು, ಕೆಂಪು ತುಟಿ, ಎರಡು ಕೈ ಸೇರಿಸಿ ಹೃದಯದ ಆಕಾರ ಮಾಡಿದ್ದಾಳೆ. ಒಂದು ಕಾರ್ಡು ಬರೆಯುತ್ತೀರಾ ಎಂದು ಕೇಳಿದರು. "ನಾನು ಈ ದೇಶದವನಲ್ಲ" ಎಂದೆ. "ಅವಳೂ ಅಲ್ಲ" ಎಂದರು ಅಜ್ಜಿ.

ಆ ಒಂದು ಮಾತು ನನಗೆ ಚುರುಕ್ಕೆಂದು ತಾಗಿತು.

ಫೋಟೋದಲ್ಲಿದ್ದದ್ದು ರಷ್ಯಾದ ಪಕ್ಕದ ದೇಶ ಬೆಲಾರಸ್‌ನ ಮರಿಯಾ ಕೊಲೆಸ್ನಿಕೊವಾ. ಕೊಳಲು ನುಡಿಸುವವಳು. ಸಂಗೀತ ಕಲಿಯಲು ಬಂದು ಇದೇ ಸ್ಟುಟ್‌ಗಾರ್ಟ್‌ನಲ್ಲಿ ಹತ್ತು ವರ್ಷಕ್ಕೂ ಜಾಸ್ತಿ ಇದ್ದವಳು. 2020ರ ಚುನಾವಣೆಗೆ ಮೊದಲೇ ಅಲ್ಲಿನ ಅಧ್ಯಕ್ಷ ಲುಕಶೆಂಕೊ ಎದುರಾಳಿಗಳನ್ನು ಒಬ್ಬೊಬ್ಬರಾಗಿ ಒಳಗೆ ಹಾಕಿಸಿದ್ದರು. ಮೇ ತಿಂಗಳಲ್ಲಿ ಸೆರ್ಗೆಯ್ ತಿಖಾನೊವ್ಸ್ಕಿ, ಜೂನ್‌ನಲ್ಲಿ ವಿಕ್ಟರ್ ಬಬರಿಕೊ. ಆಗ ತಿಖಾನೊವ್ಸ್ಕಿಯ ಹೆಂಡತಿ ಸ್ವೆತ್ಲಾನಾ ಚುನಾವಣೆಗೆ ನಿಂತರು, ಬಬರಿಕೊ ಪರ ಪ್ರಚಾರ ಮಾಡುತ್ತಿದ್ದ ಮರಿಯಾ ಅವರ ಜೊತೆಯಾದಳು. ಆಗಸ್ಟ್ 9ರ ಮತದಾನದಲ್ಲಿ ಲುಕಶೆಂಕೊಗೆ 80 ಶೇಕಡಾ ಮತ ಎಂದು ಘೋಷಿಸಿದರು. ಸೆಪ್ಟೆಂಬರ್‌ನಲ್ಲಿ ಮರಿಯಾಳನ್ನು ಗಡಿಗೆ ಒಯ್ದು ಉಕ್ರೇನಿಗೆ ದಬ್ಬಲು ನೋಡಿದಾಗ ಆಕೆ ತನ್ನ ಪಾಸ್‌ಪೋರ್ಟನ್ನೇ ಹರಿದು ಹಾಕಿದಳು. ಆಮೇಲೆ 11 ವರ್ಷ ಜೈಲು.

ಅಜ್ಜಿ ರಷ್ಯನ್‌ನಲ್ಲಿ ನಾಲ್ಕು ಸಾಲು ಬರೆದಿದ್ದ ಹಾಳೆ ಕೊಟ್ಟರು. ನೋಡಿಕೊಂಡು ಬರೆಯಬೇಕು. ರಾಜಕೀಯ ಬೇಡ, ಹೂವು, ಹವೆ, ಸಂಗೀತದ ಮಾತು ಸಾಕು, ಇಲ್ಲದಿದ್ದರೆ ಜೈಲಿನವರು ಎಸೆಯುತ್ತಾರೆ ಎಂದರು. ಒಂದನೇ ಕ್ಲಾಸಿನ ಮಗುವಿನ ಹಾಗೆ ಒಂದೊಂದೇ ಅಕ್ಷರ ಗೀಚಿದೆ. ವಿಳಾಸದಲ್ಲಿ ಗೊಮೆಲ್ ಎಂಬ ಊರಿನ ಹೆಂಗಸರ ಜೈಲು.

ಪಕ್ಕದ ಮನೆಯವನ ಹೆಸರನ್ನೂ ಸರಿಯಾಗಿ ಕೇಳದವರು ಗಡಿಯಾಚೆಯ ಜೈಲಿನ ಹೆಂಗಸಿಗೆ ಚಳಿಯಲ್ಲಿ ನಿಂತು ಕಾರ್ಡು ಬರೆಸುತ್ತಾರೆ. ಪಕ್ಕದ ಮನೆಯ ಸಾರಿಗೆ ಏನು ಹಾಕಿದ್ದಾರೆಂದು ಗೊತ್ತಿರುವ ನಾವು ಬೇರೆ ದೇಶದ ಅನ್ಯಾಯ ಕಂಡರೆ "ಊರ ಉಸಾಬರಿ ನಮಗೆಂತಕ್ಕೆ" ಎನ್ನುತ್ತೇವೆ. ನಮ್ಮ ಬಗ್ಗೆ ಬೇರೆಯವರು ಮಾತಾಡಿದರಂತೂ ಮೈಯೆಲ್ಲ ಉರಿಯುತ್ತದೆ.

2024ರ ಮಾರ್ಚ್‌ನಲ್ಲಿ ಅದನ್ನು ಕಣ್ಣಾರೆ ಕಂಡೆ. ಲೋಕಸಭಾ ಚುನಾವಣೆಗೆ ಒಂದು ತಿಂಗಳೂ ಇರಲಿಲ್ಲ, ಕೇಜ್ರಿವಾಲ್ ಬಂಧನವಾಯಿತು. ನ್ಯಾಯವಾದ ವಿಚಾರಣೆ ಸಿಗಬೇಕು ಎಂದು ಜರ್ಮನಿಯ ವಿದೇಶಾಂಗ ಇಲಾಖೆ ಹೇಳಿತು. ದಿಲ್ಲಿಯಲ್ಲಿದ್ದ ಅವರ ಉಪ ರಾಯಭಾರಿಯನ್ನು ಕರೆಸಿ ನಮ್ಮ ಸರ್ಕಾರ ಪ್ರತಿಭಟಿಸಿತು. ಅಮೆರಿಕ ಮಾತಾಡಿದಾಗಲೂ ಹಾಗೆಯೇ. ಇಲ್ಲಿನ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ರಾತ್ರಿಯಿಡೀ ಅದೇ ಮಾತು. "ಇವರಿಗೆಂತಕ್ಕೆ ಮಾರಾಯ ನಮ್ಮ ವಿಷಯ?" "ಎಲ್ಲರ ಮನೆ ದೋಸೆಯೂ ತೂತೇ." ಕೇಜ್ರಿವಾಲ್ ತಪ್ಪು ಮಾಡಿದ್ದಾರೋ ಇಲ್ಲವೋ ಅದು ಕೋರ್ಟಿಗೆ ಬಿಟ್ಟದ್ದು. ವಿಚಾರಣೆ ಸರಿಯಾಗಿ ಆಗಲಿ ಎನ್ನುವುದರಲ್ಲಿ ಅವಮಾನ ಏನಿದೆ, ಹೇಳಿ?

ಆ ರಾತ್ರಿ ಗುಂಪಿನಲ್ಲಿ ನಾನು ಒಂದೇ ಹೆಸರು ಬರೆದೆ. ಜಾರ್ಜ್ ಫರ್ನಾಂಡಿಸ್. ನಮ್ಮ ಮಂಗಳೂರಿನವರು. ತುರ್ತು ಪರಿಸ್ಥಿತಿಯಲ್ಲಿ, 1976ರ ಜೂನ್‌ನಲ್ಲಿ, ಅವರನ್ನು ಕಲ್ಕತ್ತದಲ್ಲಿ ಹಿಡಿದರು. ಅದಕ್ಕೂ ಮೊದಲು ಅವರ ತಮ್ಮ ಲಾರೆನ್ಸ್‌ರನ್ನು ಬೆಂಗಳೂರಿನಲ್ಲಿ ಪೊಲೀಸರು ಹೊಡೆದು ಹಣ್ಣುಗಾಯಿ ಮಾಡಿದ್ದರು. ಜಾರ್ಜ್‌ರ ಜೀವಕ್ಕೆ ಅಪಾಯ ಆಗಬಾರದು ಎಂದು ಇಂದಿರಾ ಗಾಂಧಿಯವರಿಗೆ ಹೇಳಿ ಕಳಿಸಿದವರು ಯಾರು? ಯುರೋಪಿನ ಮೂವರು ಸಮಾಜವಾದಿ ನಾಯಕರು: ಜರ್ಮನಿಯ ವಿಲಿ ಬ್ರಾಂಟ್, ಆಸ್ಟ್ರಿಯಾದ ಬ್ರೂನೊ ಕ್ರೈಸ್ಕಿ, ಸ್ವೀಡನ್ನಿನ ಓಲೋಫ್ ಪಾಲ್ಮೆ. ಅಪ್ಪ ಇದನ್ನು ಹೇಳುವಾಗಲೆಲ್ಲ ಅವರ ಗಂಟಲು ಕಟ್ಟುತ್ತಿತ್ತು. ಮುಂದಿನ ವರ್ಷ ಜಾರ್ಜ್ ಜೈಲಿನಲ್ಲಿದ್ದುಕೊಂಡೇ ಮುಜಫ್ಫರ್‌ಪುರದಿಂದ ಮೂರು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದರು. ಆವತ್ತು ಆ ಮೂವರು ಉಸಾಬರಿ ಬೇಡವೆಂದು ಸುಮ್ನೆ ಕೂತಿದ್ದರೆ?

ಗುಂಪಿನಲ್ಲಿ ಯಾರೂ ಉತ್ತರ ಕೊಡಲಿಲ್ಲ.

ಅವರ ಸಿಟ್ಟು ಪೂರ್ತಿ ಸುಳ್ಳಲ್ಲ, ಅದನ್ನೂ ಹೇಳಬೇಕು. ಬಿಳಿಯರು ಬುದ್ಧಿ ಹೇಳುವುದನ್ನು ನಾವು ಇನ್ನೂರು ವರ್ಷ ಕೇಳಿದವರು. ರಷ್ಯಾದ ಗ್ಯಾಸ್ ಬರುತ್ತಿದ್ದಷ್ಟು ದಿನ ಜರ್ಮನಿ ಎಷ್ಟೋ ಕಡೆ ದನಿ ತಗ್ಗಿಸಿತ್ತು. 1977ರಲ್ಲಿ ಇಂದಿರಾರನ್ನು ಇಳಿಸಿದ್ದು ನಮ್ಮ ಮತದಾರರೇ. ಕೇಜ್ರಿವಾಲ್‌ಗೆ ಪ್ರಚಾರಕ್ಕೆಂದು ಮೇ ತಿಂಗಳಲ್ಲಿ ಜಾಮೀನು ಕೊಟ್ಟದ್ದೂ ನಮ್ಮ ಸುಪ್ರೀಂ ಕೋರ್ಟೇ. ಬೆಲಾರಸ್ ವಿಷಯದಲ್ಲೂ ಯುರೋಪು ಐದು ವರ್ಷ ಖಂಡಿಸಿತು, ನಿರ್ಬಂಧ ಹಾಕಿತು, ಲುಕಶೆಂಕೊ ಜಗ್ಗಲಿಲ್ಲ. 2025ರ ಡಿಸೆಂಬರ್ 13ರಂದು ಮರಿಯಾ ಸೇರಿ 123 ಮಂದಿ ಹೊರಬಂದರು. ಅದು ಆದದ್ದು ಅಮೆರಿಕ ಬೆಲಾರಸ್‌ನ ಪೊಟ್ಯಾಷ್ ಗೊಬ್ಬರದ ಮೇಲಿನ ನಿರ್ಬಂಧ ತೆಗೆಯಲು ಒಪ್ಪಿದ್ದರಿಂದ. ನಮ್ಮ ಅಡಿಕೆ ಮರದ ಬುಡಕ್ಕೆ ಹಾಕುವ ಅದೇ ಪೊಟ್ಯಾಷ್. ನನ್ನ ಕಾರ್ಡು ಆಕೆಯ ಕೈ ಸೇರಿತೋ ಇಲ್ಲವೋ.

ಸುದ್ದಿ ಬಂದ ದಿನ ಕೆಳಗೆ ಹೋಗಿ ಬೆಲ್ ಒತ್ತಿದೆ. ಅಜ್ಜಿ ಬಾಗಿಲು ತೆಗೆದವರು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಕಣ್ಣು ಒದ್ದೆಯಾಗಿತ್ತು. ಮೊದಲ ಸಲ ಒಳಗೆ ಕರೆದು ಚಹಾ ಕೊಟ್ಟರು. ಅಲ್ಲಿ ಇನ್ನೂ ತುಂಬಾ ಜನ ಒಳಗಿದ್ದಾರೆ ಎಂದರು. ಹೊರಡುವಾಗ ಹೊಸ ಕಾರ್ಡು ಕೊಟ್ಟರು, ಹೊಸ ಹೆಸರು, ಅದೇ ನಾಲ್ಕು ಸಾಲಿನ ಹಾಳೆ. ಈ ಸಲ ಮೂರು ಕೇಳಿ ತಂದೆ. ಇನ್ನೆರಡನ್ನು ಭಾನುವಾರ ಗುಂಪಿನವರು ಊಟಕ್ಕೆ ಬಂದಾಗ ಮುಂದೆ ಇಡುತ್ತೇನೆ.